ಐಪಿವಿ4, ಐಪಿವಿ6 ಎರಡನ್ನೂ ಒಟ್ಟಿಗೆ ನಡೆಸಲು ಎಂಜಿನ್‌ಎಕ್ಸ್: ಒಂದು ವಿಮರ್ಶೆ

ಅಂತರಜಾಲದಲ್ಲಿ ಯಂತ್ರಗಳನ್ನು ಗುರುತಿಸುವ ವಿಳಾಸಗಳಲ್ಲಿ ಈಗ ಎರಡು ಬಗೆಗಳಿವೆ. ಒಂದೇ ಜಾಲತಾಣವು ಹಳೆಯ ಐಪಿವಿ4 ವಿಳಾಸದಿಂದಲೂ ಹೊಸ ಐಪಿವಿ6 ವಿಳಾಸದಿಂದಲೂ ಸರಾಗವಾಗಿ ತೆರೆದುಕೊಳ್ಳುವಂತೆ ಮಾಡಲು ಎಂಜಿನ್‌ಎಕ್ಸ್ ವೆಬ್ ಸರ್ವರ್ ಎಷ್ಟರ ಮಟ್ಟಿಗೆ ಒದಗಿಬರುತ್ತದೆ ಎಂಬ ಒಂದೇ ಪ್ರಶ್ನೆಗೆ ಈ ವಿಮರ್ಶೆ ಮೀಸಲು. ಅದರ ವೇಗ, ಮೆಮೊರಿ ಬಳಕೆ, ಕ್ಯಾಶ್ ಮುಂತಾದವುಗಳ ಬಗ್ಗೆ ಈಗಾಗಲೇ ಸಾಕಷ್ಟು ಬರಹಗಳಿವೆ. ಎರಡು ಬಗೆಯ ವಿಳಾಸಗಳನ್ನು ಅದು ಹೇಗೆ ನಿಭಾಯಿಸುತ್ತದೆ ಎಂಬುದನ್ನು ಮಾತ್ರ ಹೆಚ್ಚಿನವರು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ವಿಳಾಸದಲ್ಲಿ ಕಿವಿಗೊಡಬೇಕು, ಅಂದರೆ ಸಂಪರ್ಕಗಳಿಗಾಗಿ ಕಾಯಬೇಕು, ಎಂಬುದನ್ನು ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಬರೆಸಿಕೊಳ್ಳುವ ಎಂಜಿನ್‌ಎಕ್ಸ್‌ನ ಪದ್ಧತಿ ಸರಿಯಾದದ್ದು, ಎರಡು ಜಾಲಗಳ ಈ ಕಾಲಕ್ಕೆ ತಕ್ಕದ್ದು. ಆದರೆ ಆ ಎರಡರಲ್ಲಿ ಒಂದನ್ನು ಬರೆಯದೆ ಬಿಟ್ಟಾಗ ಅದು ಒಂದು ಮಾತೂ ಆಡದೆ ಮುಂದುವರಿಯುತ್ತದೆ. ಈ ಮೌನವೇ ಅದರ ದೊಡ್ಡ ಕೊರತೆ. (ನಿರ್ದೇಶನಗಳ, ಅಂದರೆ ಸರ್ವರ್‌ಗೆ ಕೊಡುವ ಸೆಟ್ಟಿಂಗ್ ಆಜ್ಞೆಗಳ, ಹೆಸರನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ಸೆಟ್ಟಿಂಗ್ ಫೈಲಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಬರೆಯಬೇಕು.)

ಎರಡೂ ವಿಳಾಸಗಳು ಏಕೆ ಬೇಕು ಎಂಬ ಪ್ರಶ್ನೆಗೆ ಭಾರತದಲ್ಲಿ ಸರ್ವರ್ ನಡೆಸುವವರಿಗೆ ನೇರ ಉತ್ತರವಿದೆ. ಐಪಿವಿ4ರಲ್ಲಿ ಇರುವುದು ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಜಗತ್ತಿನ ಕೇಂದ್ರ ದಾಸ್ತಾನಿನಲ್ಲಿ ಉಳಿದಿದ್ದ ಕೊನೆಯ 5 ದೊಡ್ಡ ತುಂಡುಗಳನ್ನು 2011ರ ಫೆಬ್ರವರಿ 3ರಂದು ಹಂಚಿ ಮುಗಿಸಲಾಯಿತು, ಏಷ್ಯಾ ಪೆಸಿಫಿಕ್ ವಲಯದ ಪಾಲು ಅದೇ ವರ್ಷದ ಏಪ್ರಿಲ್‌ನಲ್ಲಿ ಕೊನೆಯ ತುಂಡಿಗೆ ಬಂದು ನಿಂತಿತು. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೋ ತನ್ನ 4ಜಿ ಜಾಲವನ್ನು ಐಪಿವಿ6ರ ಮೇಲೆ ಕಟ್ಟಿದ್ದರಿಂದ ದೇಶದ ಮೊಬೈಲ್ ಬಳಕೆದಾರರಲ್ಲಿ ಬಹುದೊಡ್ಡ ಭಾಗ ತಮಗೆ ಗೊತ್ತಿಲ್ಲದೆಯೇ ಹೊಸ ವಿಳಾಸಕ್ಕೆ ದಾಟಿಬಿಟ್ಟಿತು. ಇಂದು ಹಾಸನದಲ್ಲೋ ಯಾದಗಿರಿಯಲ್ಲೋ ಫೋನಿನಲ್ಲಿ ಕನ್ನಡ ತಾಣವೊಂದನ್ನು ತೆರೆಯುವವರ ಕೈಯಲ್ಲಿ ನಿಜವಾದ, ತಮ್ಮದೇ ಆದ ಐಪಿವಿ6 ವಿಳಾಸ ಸಾಮಾನ್ಯವಾಗಿ ಇರುತ್ತದೆ. ಐಪಿವಿ4 ವಿಳಾಸವಾದರೋ ಸಾವಿರಾರು ಮಂದಿ ಹಂಚಿಕೊಂಡದ್ದು, ಇಡೀ ವಠಾರಕ್ಕೆ ಒಂದೇ ಬಾಗಿಲ ಸಂಖ್ಯೆ ಇದ್ದ ಹಾಗೆ. ಆದ್ದರಿಂದ ಸರ್ವರ್ ಐಪಿವಿ4ರಲ್ಲಿ ಮಾತ್ರ ಇದ್ದರೆ ಈ ಓದುಗರೆಲ್ಲ ಮೊಬೈಲ್ ಕಂಪನಿಯ ವಿಳಾಸ ಬದಲಿಸುವ ಯಂತ್ರದ ಮೂಲಕ ಸುತ್ತಿ ಬರಬೇಕಾಗುತ್ತದೆ, ಐಪಿವಿ6ರಲ್ಲಿ ಮಾತ್ರ ಇದ್ದರೆ ಹಳೆಯ ಬ್ರಾಡ್‌ಬ್ಯಾಂಡ್ ಸಂಪರ್ಕವಿರುವ ಮನೆ ಮತ್ತು ಕಚೇರಿಗಳಿಗೆ ತಾಣವೇ ಸಿಗುವುದಿಲ್ಲ.

ಇಗೋರ್ ಸಿಸೊಯೆವ್ ರಷ್ಯಾದಲ್ಲಿ ಬರೆದು 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ 2019ರಿಂದ ಎಫ್5 ಕಂಪನಿಯ ಒಡೆತನದಲ್ಲಿದೆ. ಮುಕ್ತ ಆವೃತ್ತಿ ಬಿಎಸ್‌ಡಿ ಪರವಾನಗಿಯಡಿ ಉಚಿತವಾಗಿ ಸಿಗುತ್ತದೆ. ಹಿಂದೆ ಐಪಿವಿ6 ಬೇಕೆಂದರೆ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗಲೇ ಅದಕ್ಕೊಂದು ಆಯ್ಕೆ ಕೊಡಬೇಕಿತ್ತು, 2016ರ 1.11.5 ಆವೃತ್ತಿಯಲ್ಲಿ ಆ ಆಯ್ಕೆಯನ್ನು ತೆಗೆದುಹಾಕಿ, ಯಂತ್ರದಲ್ಲಿ ಐಪಿವಿ6 ಇದ್ದರೆ ತಾನಾಗಿಯೇ ಸೇರಿಕೊಳ್ಳುವಂತೆ ಮಾಡಿದರು. ಈಗ ಯಾವ ಲಿನಕ್ಸ್ ವಿತರಣೆಯಿಂದ ಹಾಕಿಕೊಂಡರೂ ಆ ಚಿಂತೆ ಇಲ್ಲ.

ಮೂಲ ಸೆಟ್ಟಿಂಗ್ ನಿಜಕ್ಕೂ ಎರಡೇ ಸಾಲಿನದು. ಒಂದು ತಾಣದ ಸೆಟ್ಟಿಂಗ್‌ಗಳಿರುವ ಸರ್ವರ್ ಬ್ಲಾಕ್ ಒಳಗೆ "ಲಿಸನ್ 80;" ಎಂದು ಬರೆದರೆ ಐಪಿವಿ4ರ ಎಲ್ಲ ವಿಳಾಸಗಳಲ್ಲೂ 80ನೇ ಪೋರ್ಟ್ (ಸಂಪರ್ಕಗಳು ಒಳಬರುವ, ಸಂಖ್ಯೆ ಹಾಕಿದ ಬಾಗಿಲು) ತೆರೆಯುತ್ತದೆ; ಅದರ ಕೆಳಗೆ "ಲಿಸನ್ [::]:80;" ಎಂದು ಬರೆದರೆ ಐಪಿವಿ6ರ ಎಲ್ಲ ವಿಳಾಸಗಳಲ್ಲೂ ತೆರೆಯುತ್ತದೆ. ಎಚ್‌ಟಿಟಿಪಿಎಸ್‌ಗೆ ಇದೇ ಜೋಡಿಯನ್ನು 443ಕ್ಕೆ ಬರೆದು ಕೊನೆಯಲ್ಲಿ ಎಸ್‌ಎಸ್‌ಎಲ್ ಎಂದು ಸೇರಿಸಬೇಕು. ಚೌಕ ಕಂಸದೊಳಗಿನ ಎರಡು ಕೋಲನ್ ಗುರುತುಗಳು ಐಪಿವಿ6ರಲ್ಲಿ "ಯಾವ ವಿಳಾಸವಾದರೂ ಸರಿ" ಎಂಬುದರ ಸಂಕ್ಷೇಪ. ವಿಳಾಸದಲ್ಲೇ ಕೋಲನ್‌ಗಳಿರುವುದರಿಂದ ಪೋರ್ಟ್ ಸಂಖ್ಯೆ ಎಲ್ಲಿಂದ ಶುರು ಎಂದು ತಿಳಿಯಲು ಆ ಚೌಕ ಕಂಸ ಬೇಕೇ ಬೇಕು. ಮೊದಲೆಲ್ಲ ಎಚ್‌ಟಿಟಿಪಿ2 ಬೇಕಿದ್ದರೆ ಆ ಪದವನ್ನೂ ಲಿಸನ್ ಸಾಲಿನಲ್ಲೇ ಬರೆಯಬೇಕಿತ್ತು. 2023ರ 1.25.1 ಆವೃತ್ತಿಯಿಂದ ಅದು ಪ್ರತ್ಯೇಕ ನಿರ್ದೇಶನವಾಗಿ, ಜೋಡಿ ಸಾಲುಗಳ ಭಾರ ಸ್ವಲ್ಪ ಇಳಿದಿದೆ.

ಈ ಎರಡು ಸಾಲುಗಳ ಹಿಂದೆ ಒಂದು ಮಹತ್ವದ ನಿರ್ಧಾರವಿದೆ. ಲಿನಕ್ಸ್‌ನಲ್ಲಿ ಐಪಿವಿ6 ಸಾಕೆಟ್ (ಪ್ರೋಗ್ರಾಮು ಸಂಪರ್ಕ ಸ್ವೀಕರಿಸುವ ತುದಿ) ಒಂದನ್ನು ತೆರೆದರೆ ಸಾಮಾನ್ಯವಾಗಿ ಅದೇ ಸಾಕೆಟ್ ಐಪಿವಿ4 ಸಂಪರ್ಕಗಳನ್ನೂ ಸ್ವೀಕರಿಸಬಲ್ಲದು. ಎಂಜಿನ್‌ಎಕ್ಸ್ 1.3.4ಕ್ಕೂ ಮುಂಚೆ ಈ ವಿಷಯವನ್ನು ಆಪರೇಟಿಂಗ್ ಸಿಸ್ಟಮ್‌ಗೆ ಬಿಟ್ಟಿತ್ತು, ಹಾಗಾಗಿ ಒಂದೇ ಫೈಲು ಒಂದು ಯಂತ್ರದಲ್ಲಿ ಒಂದು ರೀತಿ, ಇನ್ನೊಂದು ಯಂತ್ರದಲ್ಲಿ ಮತ್ತೊಂದು ರೀತಿ ವರ್ತಿಸುತ್ತಿತ್ತು. ಆ ಆವೃತ್ತಿಯಿಂದ ಈಚೆಗೆ "ಐಪಿವಿ6ಓನ್ಲಿ" ಎಂಬ ಗುಣ ತಾನಾಗಿಯೇ ಆನ್ ಆಗಿರುತ್ತದೆ: ಐಪಿವಿ6 ಸಾಕೆಟ್ ಐಪಿವಿ6ಕ್ಕೆ ಮಾತ್ರ, ಐಪಿವಿ4ಕ್ಕೆ ಬೇರೆಯದೇ ಸಾಕೆಟ್. ನನ್ನ ದೃಷ್ಟಿಯಲ್ಲಿ ಎಂಜಿನ್‌ಎಕ್ಸ್ ಈ ವಿಷಯದಲ್ಲಿ ತೆಗೆದುಕೊಂಡ ಅತ್ಯುತ್ತಮ ನಿರ್ಧಾರ ಇದೇ. ಫೈಲನ್ನು ಓದಿದವರಿಗೆ ಸರ್ವರ್ ಎಲ್ಲೆಲ್ಲಿ ಕಿವಿಗೊಟ್ಟಿದೆ ಎಂಬುದು ಯಾವ ಊಹೆಯೂ ಇಲ್ಲದೆ ಗೊತ್ತಾಗುತ್ತದೆ.

ಬೇಡವೆಂದವರು ಆ ಗುಣವನ್ನು ಆಫ್ ಮಾಡಿ ಒಂದೇ ಸಾಲಿನಲ್ಲಿ ಎರಡನ್ನೂ ನಡೆಸಬಹುದು. ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಹಾಗೆ ಮಾಡಿದಾಗ ಐಪಿವಿ4ರಿಂದ ಬಂದವರ ವಿಳಾಸವೂ ಲಾಗ್‌ನಲ್ಲಿ ಐಪಿವಿ6ರ ವೇಷ ಹಾಕಿಕೊಳ್ಳುತ್ತದೆ, 203.0.113.7 ಎಂಬ ವಿಳಾಸದ ಮುಂದೆ ಎರಡು ಕೋಲನ್, ನಾಲ್ಕು ಎಫ್ ಅಕ್ಷರ, ಮತ್ತೊಂದು ಕೋಲನ್ ಬಂದು ಕೂರುತ್ತವೆ. ಲಾಗ್ ಓದಿ ಲೆಕ್ಕ ಹಾಕುವ, ಕಾಟ ಕೊಡುವವರನ್ನು ತಡೆಯುವ ಹಳೆಯ ಸ್ಕ್ರಿಪ್ಟ್‌ಗಳು ಇದನ್ನು ಕಂಡು ತಡವರಿಸುತ್ತವೆ. ಅದೂ ಅಲ್ಲದೆ, ಆ ಗುಣವನ್ನು ಆಫ್ ಮಾಡಿ, ಜೊತೆಗೆ "ಲಿಸನ್ 80;" ಎಂಬುದನ್ನೂ ಉಳಿಸಿಕೊಂಡರೆ ಎರಡು ಸಾಕೆಟ್‌ಗಳು ಒಂದೇ ಜಾಗಕ್ಕೆ ಕಾದಾಡಿ, "ಅಡ್ರೆಸ್ ಆಲ್ರೆಡಿ ಇನ್ ಯೂಸ್" ಎಂಬ 98ನೇ ದೋಷದೊಂದಿಗೆ ಸರ್ವರ್ ಏಳಲು ನಿರಾಕರಿಸುತ್ತದೆ. ಹಳೆಯ ಪಾಠಗಳನ್ನು ನೋಡಿ ಪ್ರತಿ ಸರ್ವರ್ ಬ್ಲಾಕ್‌ನಲ್ಲೂ "ಐಪಿವಿ6ಓನ್ಲಿ=ಆನ್" ಎಂದು ನಕಲು ಮಾಡುವವರಿಗೆ ಇನ್ನೊಂದು ದೋಷ ಎದುರಾಗುತ್ತದೆ, "ಡೂಪ್ಲಿಕೇಟ್ ಲಿಸನ್ ಆಪ್ಷನ್ಸ್" ಎಂದು. ಸಾಕೆಟ್‌ಗೆ ಸೇರಿದ ಇಂಥ ಗುಣಗಳನ್ನು ಒಂದು ವಿಳಾಸ ಮತ್ತು ಪೋರ್ಟ್ ಜೋಡಿಗೆ ಒಮ್ಮೆ ಮಾತ್ರ ಹೇಳಬೇಕು. ಮೇಲಾಗಿ ಅದನ್ನು ಬದಲಿಸಿದಾಗ ರೀಲೋಡ್ ಸಾಲದು, ಸರ್ವರನ್ನು ಪೂರ್ತಿ ನಿಲ್ಲಿಸಿ ಮತ್ತೆ ಆರಂಭಿಸಬೇಕು. ಇಂದಿನ ಆವೃತ್ತಿಗಳಲ್ಲಿ ಆ ಗುಣವನ್ನು ಬರೆಯದೆ ಇರುವುದೇ ಕ್ಷೇಮ.

ಇತರ ಸರ್ವರ್‌ಗಳೊಂದಿಗೆ ಹೋಲಿಸಿದರೆ ಈ ಭೇದ ಸ್ಪಷ್ಟವಾಗುತ್ತದೆ. ಅಪಾಚೆಯಲ್ಲಿ "ಲಿಸನ್ 80" ಎಂಬ ಒಂದೇ ಸಾಲು ಲಿನಕ್ಸ್ ಮೇಲೆ ಎರಡೂ ಬಗೆಯ ಸಂಪರ್ಕಗಳನ್ನು ಸ್ವೀಕರಿಸುತ್ತದೆ, ಆದರೆ ಫ್ರೀಬಿಎಸ್‌ಡಿ ಮತ್ತು ಅದರ ಬಳಗದ ಮೇಲೆ ಪೂರ್ವನಿಯೋಜಿತ ನಡೆ ಬೇರೆ. ಕ್ಯಾಡಿ ಏನನ್ನೂ ಕೇಳದೆಯೇ ಎರಡನ್ನೂ ತೆರೆಯುತ್ತದೆ. ಒಂದೋ ಎರಡೋ ತಾಣಗಳನ್ನು ನಡೆಸುವವರಿಗೆ ಕ್ಯಾಡಿಯ ಸರಳತೆ ನಿಜವಾದ ಅನುಕೂಲ, ಅದನ್ನು ಒಪ್ಪಲೇಬೇಕು.

ಇನ್ನು ಎಂಜಿನ್‌ಎಕ್ಸ್‌ನ ಆ ದೊಡ್ಡ ಕೊರತೆಗೆ ಬರೋಣ. ಒಂದೇ ಯಂತ್ರದಲ್ಲಿ ಎರಡು ತಾಣಗಳಿವೆ ಎಂದಿಟ್ಟುಕೊಳ್ಳಿ: ಒಂದು ಶಾಲೆಯದು, ಇನ್ನೊಂದು ಪುಸ್ತಕದಂಗಡಿಯದು. ಶಾಲೆಯ ಬ್ಲಾಕ್‌ನಲ್ಲಿ 443ರ ಎರಡೂ ಸಾಲುಗಳಿವೆ. ಪುಸ್ತಕದಂಗಡಿಯ ಬ್ಲಾಕ್‌ನಲ್ಲಿ ಐಪಿವಿ4ರ ಸಾಲು ಮಾತ್ರ ಇದೆ. ಎರಡೂ ಹೆಸರುಗಳಿಗೆ, ಹೆಸರನ್ನು ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್‌ನಲ್ಲಿ ಐಪಿವಿ6 ವಿಳಾಸ ಕೊಡಲಾಗಿದೆ. ಈಗ ಐಪಿವಿ6 ಫೋನಿನಿಂದ ಪುಸ್ತಕದಂಗಡಿಯ ತಾಣವನ್ನು ಕೇಳಿದರೆ ಸಂಪರ್ಕ ಬರುವುದು [::]:443 ಸಾಕೆಟ್‌ಗೆ. ಎಂಜಿನ್‌ಎಕ್ಸ್ ಮೊದಲು ವಿಳಾಸ ಮತ್ತು ಪೋರ್ಟನ್ನು ನೋಡಿ, ಆ ಜೋಡಿಗೆ ಸೇರಿದ ಬ್ಲಾಕ್‌ಗಳಲ್ಲಿ ಮಾತ್ರ ಹೆಸರನ್ನು ಹುಡುಕುತ್ತದೆ. ಅಲ್ಲಿ ಇರುವುದು ಶಾಲೆಯೊಂದೇ. ಹೊಂದುವ ಹೆಸರು ಸಿಗದಿದ್ದಾಗ ಆ ಜೋಡಿಯ ಡೀಫಾಲ್ಟ್ ಸರ್ವರ್‌ಗೆ, ಹಾಗೆಂದು ಯಾವುದನ್ನೂ ಗುರುತಿಸಿರದಿದ್ದರೆ ಫೈಲಿನಲ್ಲಿ ಮೊದಲು ಬಂದ ಬ್ಲಾಕ್‌ಗೆ, ಕೋರಿಕೆಯನ್ನು ಒಪ್ಪಿಸುವುದು ಅದರ ನಿಯಮ. ಪರಿಣಾಮವಾಗಿ ಪುಸ್ತಕ ಕೊಳ್ಳಲು ಬಂದವರಿಗೆ ಶಾಲೆಯ ಸರ್ಟಿಫಿಕೇಟ್ ಸಿಕ್ಕಿ, ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತದೆ. ಎಚ್ಚರಿಕೆಯನ್ನು ದಾಟಿ ಹೋದರೆ ಶಾಲೆಯ ಮುಖಪುಟವೇ ತೆರೆಯುತ್ತದೆ. ಐಪಿವಿ4 ಬ್ರಾಡ್‌ಬ್ಯಾಂಡ್ ಇರುವ ಕಚೇರಿಯಲ್ಲಿ ಕುಳಿತು ಪರೀಕ್ಷಿಸುವ ಸರ್ವರ್ ನಿರ್ವಾಹಕರಿಗೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ನಿಯಮದ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ, ಕೈಪಿಡಿಯಲ್ಲಿ ಹೇಳಿರುವುದೂ ಹೀಗೆಯೇ. ಆದರೂ ಸೆಟ್ಟಿಂಗ್ ಪರೀಕ್ಷಿಸುವ ಮೈನಸ್ ಟಿ ಆಜ್ಞೆ ಇಂಥ ಫೈಲನ್ನು "ಸರಿಯಾಗಿದೆ" ಎಂದು ಪಾಸು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಒಂದು ಹೆಸರು ಐಪಿವಿ4ರ 443ರಲ್ಲಿ ಇದ್ದು, ಐಪಿವಿ6ರ 443 ಅದೇ ಯಂತ್ರದಲ್ಲಿ ತೆರೆದಿದ್ದೂ ಅಲ್ಲಿ ಆ ಹೆಸರು ಇಲ್ಲದಿದ್ದರೆ ಒಂದು ಎಚ್ಚರಿಕೆಯ ಸಾಲನ್ನು ಮುದ್ರಿಸುವುದು ಪ್ರೋಗ್ರಾಮಿಗೆ ಕಷ್ಟವಲ್ಲ, ಏಕೆಂದರೆ ಬೇಕಾದ ಪಟ್ಟಿ ಅದರ ಬಳಿ ಆಗಲೇ ಇರುತ್ತದೆ. ಅದು ಬರುವ ತನಕ ಎರಡು ಉಪಾಯಗಳಿವೆ. ಲಿಸನ್ ಸಾಲುಗಳನ್ನು ಒಂದು ಚಿಕ್ಕ ಪ್ರತ್ಯೇಕ ಫೈಲಿನಲ್ಲಿಟ್ಟು ಪ್ರತಿ ಬ್ಲಾಕ್‌ನಲ್ಲೂ ಇನ್‌ಕ್ಲೂಡ್ ಮಾಡಿಕೊಂಡರೆ ಒಂದು ಇದ್ದು ಇನ್ನೊಂದು ಇಲ್ಲದಿರುವ ಸ್ಥಿತಿಯೇ ಹುಟ್ಟುವುದಿಲ್ಲ. ಎರಡನೆಯದಾಗಿ, ಯಾವ ಹೆಸರಿಗೂ ಸೇರದ ಕೋರಿಕೆಗಳನ್ನು ನಿರಾಕರಿಸುವ ಡೀಫಾಲ್ಟ್ ಸರ್ವರ್ ಒಂದನ್ನು ಎರಡೂ ವಿಳಾಸಗಳಲ್ಲಿ ಇಟ್ಟರೆ, ಒಬ್ಬರ ತಾಣದ ಓದುಗರಿಗೆ ಇನ್ನೊಬ್ಬರ ಪುಟ ಕಾಣುವ ಅಪಚಾರವಾದರೂ ತಪ್ಪುತ್ತದೆ.

ಇದೇ ಕೊರತೆ ಸರ್ಟಿಫಿಕೇಟ್ ನವೀಕರಣದಲ್ಲೂ ತಲೆ ಎತ್ತುತ್ತದೆ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಎಚ್‌ಟಿಟಿಪಿ ವಿಧಾನದಲ್ಲಿ ಪರಿಶೀಲನೆ ನಡೆಸುವಾಗ, ಹೆಸರಿಗೆ ಎರಡೂ ಬಗೆಯ ವಿಳಾಸಗಳಿದ್ದರೆ ಮೊದಲು ಐಪಿವಿ6ಕ್ಕೇ ಬರುತ್ತದೆ. ಸಂಪರ್ಕವೇ ಆಗದಿದ್ದರೆ ಐಪಿವಿ4ಕ್ಕೆ ಮರಳಿ ಯತ್ನಿಸುತ್ತದೆ. ಆದರೆ ಸಂಪರ್ಕ ಸಿಕ್ಕಿ ತಪ್ಪು ಬ್ಲಾಕ್‌ನಿಂದ 404 ಉತ್ತರ ಬಂದರೆ ಮರಳುವುದಿಲ್ಲ, ಪರಿಶೀಲನೆ ಅಲ್ಲಿಗೇ ಸೋಲುತ್ತದೆ. ವರ್ಷಗಟ್ಟಲೆ ತಾನಾಗಿ ನವೀಕರಣವಾಗುತ್ತಿದ್ದ ತಾಣವೊಂದು ಡಿಎನ್‌ಎಸ್‌ಗೆ ಐಪಿವಿ6 ವಿಳಾಸ ಸೇರಿಸಿದ ಕೆಲವೇ ವಾರಗಳಲ್ಲಿ ಸರ್ಟಿಫಿಕೇಟ್ ಅವಧಿ ಮೀರಿ ನಿಂತರೆ ಮೊದಲು ನೋಡಬೇಕಾದದ್ದು 80ನೇ ಪೋರ್ಟಿನ ಐಪಿವಿ6 ಸಾಲನ್ನು.

ಮುಂಬಾಗಿಲಿನ ಕಡೆ ಮಾತ್ರ ಗಮನವಿಟ್ಟು ಹಿಂಬದಿಯನ್ನು ಮರೆಯುವಂತಿಲ್ಲ. ಎಂಜಿನ್‌ಎಕ್ಸ್‌ನ ಹಿಂದೆ ನೋಡ್, ಪೈಥಾನ್ ಅಥವಾ ಜಾವಾ ಆ್ಯಪ್ ಇರುವಲ್ಲಿ ಕೋರಿಕೆಯನ್ನು ಅದಕ್ಕೆ ದಾಟಿಸುವ ಪ್ರಾಕ್ಸಿ ಪಾಸ್ ಸಾಲಿನಲ್ಲಿ "ಲೋಕಲ್‌ಹೋಸ್ಟ್:3000" ಎಂದು ಬರೆಯುವುದು ರೂಢಿ. ಇಂದಿನ ಯಂತ್ರಗಳಲ್ಲಿ ಲೋಕಲ್‌ಹೋಸ್ಟ್ (ಅಂದರೆ ಇದೇ ಯಂತ್ರ) ಎಂಬ ಹೆಸರಿಗೆ 127.0.0.1 ಮತ್ತು ::1 ಎಂಬ ಎರಡು ವಿಳಾಸಗಳಿರುವುದು ಸಾಮಾನ್ಯ. ಎಂಜಿನ್‌ಎಕ್ಸ್ ಅವೆರಡನ್ನೂ ಎರಡು ಬೇರೆ ಸರ್ವರ್‌ಗಳೆಂದು ಪರಿಗಣಿಸಿ ಸರದಿಯ ಮೇಲೆ ಕೋರಿಕೆ ಕಳಿಸುತ್ತದೆ. ಆ್ಯಪ್ 127.0.0.1ರಲ್ಲಿ ಮಾತ್ರ ಕಿವಿಗೊಟ್ಟಿದ್ದರೆ ::1ಕ್ಕೆ ಹೋದ ಕೋರಿಕೆ "ಕನೆಕ್ಷನ್ ರೆಫ್ಯೂಸ್ಡ್" ಎಂಬ 111ನೇ ದೋಷ ಪಡೆದು, ಬಳಿಕ ಇನ್ನೊಂದಕ್ಕೆ ತಿರುಗುತ್ತದೆ. ಓದುಗರಿಗೆ ಪುಟ ಸಿಗುತ್ತದೆ, ಎರರ್ ಲಾಗ್ ಮಾತ್ರ ತುಂಬುತ್ತ ಹೋಗುತ್ತದೆ. ಕಿರಿಕಿರಿ ಅಷ್ಟಕ್ಕೇ ನಿಲ್ಲುವುದಿಲ್ಲ. ಗುಂಪಿನಲ್ಲಿ ಒಂದೇ ಸರ್ವರ್ ಇದ್ದಾಗ ಎಂಜಿನ್‌ಎಕ್ಸ್ ಅದನ್ನು ಎಂದೂ "ಸತ್ತಿದೆ" ಎಂದು ಗುರುತಿಸುವುದಿಲ್ಲ. ಎರಡಿದ್ದಾಗ ಮಾತ್ರ, ಒಮ್ಮೆ ಸೋತದ್ದನ್ನು 10 ಸೆಕೆಂಡ್ ದೂರವಿಡುತ್ತದೆ. ಹೀಗಾಗಿ ಆ್ಯಪ್ ಕ್ಷಣಕಾಲ ಮರುಚಾಲನೆಗೊಂಡರೂ ಎರಡೂ ವಿಳಾಸಗಳು ಸತ್ತವುಗಳ ಪಟ್ಟಿಗೆ ಸೇರಿ, ಲಾಗ್‌ನಲ್ಲಿ "ನೋ ಲೈವ್ ಅಪ್‌ಸ್ಟ್ರೀಮ್ಸ್" ಎಂಬ ಸಾಲೂ ಓದುಗರಿಗೆ 502 ದೋಷದ ಪುಟವೂ ಕಾಣಿಸಿಕೊಳ್ಳಬಹುದು. ನಿಜದಲ್ಲಿ ಇರುವುದು ಒಂದೇ ಆ್ಯಪ್. ಇದಕ್ಕೆ ಪರಿಹಾರ ಸುಲಭ: ಹೆಸರಿನ ಬದಲು ಆ್ಯಪ್ ನಿಜವಾಗಿ ಎಲ್ಲಿ ಕಿವಿಗೊಟ್ಟಿದೆಯೋ ಆ ವಿಳಾಸವನ್ನೇ ಅಂಕಿಗಳಲ್ಲಿ ಬರೆಯುವುದು, ಅಥವಾ ಯುನಿಕ್ಸ್ ಸಾಕೆಟ್ ಬಳಸುವುದು. 2021ರಲ್ಲಿ ಬಂದ ನೋಡ್ 17ರಿಂದ ಈಚೆಗೆ ಲೋಕಲ್‌ಹೋಸ್ಟ್ ಎಂದರೆ ಐಪಿವಿ4ಕ್ಕೇ ಆದ್ಯತೆ ಎಂಬ ಹಳೆಯ ನಡೆ ಬದಲಾಗಿರುವುದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ.

ಕೋರಿಕೆಗಳ ವೇಗಕ್ಕೆ ಮಿತಿ ಹಾಕುವ ವ್ಯವಸ್ಥೆಯಲ್ಲಿ ಎಂಜಿನ್‌ಎಕ್ಸ್ ಇನ್ನೂ ಐಪಿವಿ4ರ ಕಾಲದಲ್ಲೇ ಇದೆ ಎಂದು ನನಗನ್ನಿಸುತ್ತದೆ. ಯಾರು ಎಷ್ಟು ಕೋರಿದರೆಂಬ ಲೆಕ್ಕವಿಡುವ ಲಿಮಿಟ್ ರಿಕ್ವೆಸ್ಟ್ ವಲಯಕ್ಕೆ ಕೀಲಿಯಾಗಿ ಎಲ್ಲರೂ ಬಳಸುವುದು ಬೈನರಿ ರಿಮೋಟ್ ಅಡ್ರೆಸ್ ಎಂಬ ವೇರಿಯಬಲ್ ಅನ್ನು. ಅದು ಐಪಿವಿ4ಕ್ಕೆ 4 ಬೈಟ್, ಐಪಿವಿ6ಕ್ಕೆ 16 ಬೈಟ್. ಹಂಚಿಕೊಂಡ ಐಪಿವಿ4 ವಿಳಾಸದ ಹಿಂದೆ ಸಾವಿರ ಜನರಿದ್ದರೆ ಒಬ್ಬರ ಅತಿಯಾಟಕ್ಕೆ ಉಳಿದವರೂ ದಂಡ ತೆರುತ್ತಾರೆ. ಐಪಿವಿ6ರಲ್ಲಿ ಸಮಸ್ಯೆ ತಿರುಗುಮುರುಗು. ಒಂದು ಮನೆಗೆ ಅಥವಾ ಒಂದು ಫೋನಿಗೆ ಸಿಗುವ /64 (ಮೊದಲ 64 ಬಿಟ್‌ಗಳು ಒಂದೇ ಆಗಿರುವ) ತುಂಡಿನಲ್ಲಿ ಇರುವ ವಿಳಾಸಗಳು ಇಡೀ ಐಪಿವಿ4ರ 429 ಕೋಟಿಯನ್ನು ಮತ್ತೆ ಅಷ್ಟರಿಂದಲೇ ಗುಣಿಸಿದಷ್ಟು. ದುರುದ್ದೇಶವಿರುವವರು ಪ್ರತಿ ಕೋರಿಕೆಗೂ ಹೊಸ ವಿಳಾಸ ಬಳಸಿದರೆ ವಿಳಾಸವೊಂದಕ್ಕೆ ಹಾಕಿದ ಮಿತಿ ಅವರನ್ನು ಮುಟ್ಟುವುದೇ ಇಲ್ಲ. ಅದರ ಜೊತೆಗೆ, 64 ಬಿಟ್ ಯಂತ್ರದಲ್ಲಿ 1 ಎಂಬಿ ವಲಯದಲ್ಲಿ ಹಿಡಿಸುವುದು ಸುಮಾರು 8,000 ವಿಳಾಸಗಳ ಲೆಕ್ಕ ಮಾತ್ರವಾದ್ದರಿಂದ ಅದು ಬೇಗನೆ ತುಂಬಿ, ಹಳೆಯ ಲೆಕ್ಕಗಳು ಹೊರದೂಡಲ್ಪಡುತ್ತವೆ.

ಇದಕ್ಕೆ ಸರಿಯಾದ ದಾರಿ ಐಪಿವಿ6ರಲ್ಲಿ ಮೊದಲ 8 ಬೈಟ್‌ಗಳನ್ನಷ್ಟೇ ಕೀಲಿಯಾಗಿ ತೆಗೆದುಕೊಳ್ಳುವುದು. ಎಂಜಿನ್‌ಎಕ್ಸ್‌ನಲ್ಲಿ ಅದಕ್ಕೆ ಸಿದ್ಧ ವೇರಿಯಬಲ್ ಇಲ್ಲ. ಮ್ಯಾಪ್ ನಿರ್ದೇಶನದೊಳಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ವಿನ್ಯಾಸವನ್ನು ಹೊಂದಿಸಿ ನೋಡುವ ಸೂತ್ರ) ಬರೆದು ಕತ್ತರಿಸಿಕೊಳ್ಳಬೇಕು. ಅಕ್ಷರರೂಪದ ವಿಳಾಸವನ್ನು ಕೋಲನ್ ಎಣಿಸಿ ಕತ್ತರಿಸುವ ಪರಿಹಾರಗಳು ಅಲ್ಲಲ್ಲಿ ಸಿಗುತ್ತವೆ, ಅವನ್ನು ನಂಬಬಾರದು: ಸೊನ್ನೆಗಳ ಸಾಲನ್ನು ಎರಡು ಕೋಲನ್‌ಗೆ ಕುಗ್ಗಿಸುವ ಪದ್ಧತಿಯಿಂದಾಗಿ ಎಣಿಕೆ ತಪ್ಪುತ್ತದೆ. ಬೈನರಿ ರೂಪವನ್ನೇ ಕತ್ತರಿಸಬೇಕು. ಅಲ್ಲಿಯೂ ಒಂದು ಸೂಕ್ಷ್ಮವಿದೆ, ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಚುಕ್ಕಿ ಸಾಮಾನ್ಯವಾಗಿ ಹೊಸ ಸಾಲಿನ ಸಂಕೇತಕ್ಕೆ ಹೊಂದುವುದಿಲ್ಲ, ಹಾಗಾಗಿ ವಿಳಾಸದಲ್ಲಿ 10 ಎಂಬ ಮೌಲ್ಯದ ಬೈಟ್ ಬಂದಾಗಲೂ ಹೊಂದುವಂತೆ ಅದರ ಆಯ್ಕೆಯನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಇಷ್ಟು ಸಾಮಾನ್ಯವಾದ ಅಗತ್ಯಕ್ಕೆ ಇಷ್ಟೊಂದು ಕಸರತ್ತು ಬೇಕಾಗಿರುವುದು ಬೇಸರದ ವಿಷಯ. ವಿಳಾಸ ನೋಡಿ ಒಳಬಿಡುವ, ತಡೆಯುವ ಅಲೋ ಮತ್ತು ಡಿನೈ ಸಾಲುಗಳು ಹಾಗೂ ಜಿಯೋ ಮಾಡ್ಯೂಲ್ (ಜಿಯೋ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ) ಮಾತ್ರ ಐಪಿವಿ6ರ ತುಂಡುಗಳನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತವೆ, ಅಲ್ಲಿ ದೂರಿಲ್ಲ.

ಸಣ್ಣಪುಟ್ಟ ತೊಡಕುಗಳು ಎರಡು. ಕರ್ನಲ್‌ನಲ್ಲಿ ಐಪಿವಿ6 ಅನ್ನು ಪೂರ್ತಿ ನಿಷ್ಕ್ರಿಯಗೊಳಿಸಿದ ಯಂತ್ರದಲ್ಲಿ [::] ಸಾಲು ಇದ್ದರೆ 97ನೇ ದೋಷದೊಂದಿಗೆ ಎಂಜಿನ್‌ಎಕ್ಸ್ ಏಳುವುದೇ ಇಲ್ಲ. ಡೆಬಿಯನ್, ಉಬುಂಟುಗಳ ಸಿದ್ಧ ಫೈಲಿನಲ್ಲಿ ಆ ಸಾಲು ಇರುವುದರಿಂದ ಪ್ಯಾಕೇಜ್ ಹಾಕಿದ ಕೂಡಲೇ ಈ ದೋಷ ಕಾಣಬಹುದು. ಇನ್ನೊಂದು, ನಿರ್ದಿಷ್ಟ ಐಪಿವಿ6 ವಿಳಾಸವನ್ನೇ ಲಿಸನ್ ಸಾಲಿನಲ್ಲಿ ಬರೆದಿದ್ದರೆ, ಯಂತ್ರ ಬೂಟ್ ಆಗುವಾಗ ಆ ವಿಳಾಸ ಬೇರೆಯವರದಲ್ಲವೆಂದು ಕರ್ನಲ್ ಖಚಿತಪಡಿಸಿಕೊಳ್ಳುವ ಮೊದಲೇ ಎಂಜಿನ್‌ಎಕ್ಸ್ ಅದನ್ನು ಕೇಳಿ 99ನೇ ದೋಷ ಪಡೆಯಬಹುದು. [::] ಬಳಸಿದರೆ ಈ ಸಮಸ್ಯೆ ಇಲ್ಲ.

ಎಂಜಿನ್‌ಎಕ್ಸ್‌ನ ಹೊರಗಿನದಾದರೂ ಇಲ್ಲಿ ಹೇಳಲೇಬೇಕಾದದ್ದು ಫೈರ್‌ವಾಲ್. ನಾನು ಬಾಡಿಗೆಗೆ ಪಡೆದಿದ್ದ ಒಂದು ವಿಪಿಎಸ್‌ನಲ್ಲಿ (ವರ್ಚುವಲ್ ಸರ್ವರ್‌ನಲ್ಲಿ) ಕಂಪನಿಯವರ ಸಿದ್ಧ ನಿಯಮಗಳು ಐಸಿಎಂಪಿವಿ6 ಸಂದೇಶಗಳನ್ನು (ಜಾಲದ ಯಂತ್ರಗಳು ತೊಂದರೆ ತಿಳಿಸಲು ಕಳಿಸುವ ಸಂದೇಶಗಳನ್ನು) ಸಾರಾಸಗಟಾಗಿ ತಡೆಯುತ್ತಿದ್ದವು. ಐಪಿವಿ6ರಲ್ಲಿ ದಾರಿಯ ಮಧ್ಯದ ರೌಟರ್‌ಗಳು ಪ್ಯಾಕೆಟ್‌ಗಳನ್ನು ತುಂಡರಿಸುವುದಿಲ್ಲ. ಪ್ಯಾಕೆಟ್ ದೊಡ್ಡದಾಯಿತೆಂದು ಕಳಿಸಿದವರಿಗೆ ಐಸಿಎಂಪಿವಿ6 ಮೂಲಕ ತಿಳಿಸುತ್ತವೆ. ಆ ಸಂದೇಶ ಸರ್ವರ್ ತಲುಪದಿದ್ದರೆ ಚಿಕ್ಕ ಪುಟಗಳು ತೆರೆದು ದೊಡ್ಡ ಚಿತ್ರಗಳು ಅರ್ಧಕ್ಕೇ ನಿಲ್ಲುವ ವಿಚಿತ್ರ ರೋಗ ಶುರುವಾಗುತ್ತದೆ, ದೂರು ಮಾತ್ರ ಎಂಜಿನ್‌ಎಕ್ಸ್ ಮೇಲೆ ಬರುತ್ತದೆ.

ಪರೀಕ್ಷೆಯನ್ನು ಬ್ರೌಸರ್‌ನಿಂದ ಮಾಡಿದರೆ ಸಾಲದು. ಬ್ರೌಸರ್‌ಗಳು ಹ್ಯಾಪಿ ಐಬಾಲ್ಸ್ ಎಂಬ ಪದ್ಧತಿಯಲ್ಲಿ ಐಪಿವಿ6ಕ್ಕೆ ಮೊದಲು ಯತ್ನಿಸಿ, 2017ರ ಶಿಫಾರಸಿನ ಪ್ರಕಾರ 250 ಮಿಲಿಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಐಪಿವಿ4ನ್ನೂ ಆರಂಭಿಸುತ್ತವೆ. ಇದರಿಂದ ಓದುಗರಿಗೆ ಉಪಕಾರ, ದೋಷ ಹುಡುಕುವವರಿಗೆ ಮಾತ್ರ ಕಣ್ಕಟ್ಟು. ಟರ್ಮಿನಲ್‌ನಿಂದಲೇ ಪುಟ ತರಿಸುವ ಕರ್ಲ್ ಆಜ್ಞೆಗೆ ಒಮ್ಮೆ ಮೈನಸ್ 4, ಒಮ್ಮೆ ಮೈನಸ್ 6 ಕೊಟ್ಟು, ಯಂತ್ರದಲ್ಲಿರುವ ಪ್ರತಿಯೊಂದು ಹೆಸರನ್ನೂ ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಎರಡರಲ್ಲೂ ಕೇಳಿ ನೋಡಬೇಕು. ಡಿಎನ್‌ಎಸ್‌ಗೆ ಐಪಿವಿ6 ದಾಖಲೆಯನ್ನು ಸೇರಿಸುವುದು ಇದೆಲ್ಲ ಆದ ಮೇಲೆ, ಕೊನೆಯ ಹೆಜ್ಜೆಯಾಗಿ.

ಹಣ ಕೊಟ್ಟು ಕೊಳ್ಳುವ ಪ್ಲಸ್ ಆವೃತ್ತಿ ಈ ಕೆಲಸಕ್ಕೆ ಬೇಕಿಲ್ಲ. ಹಿಂಬದಿಯ ಹೆಸರುಗಳ ವಿಳಾಸ ಬದಲಾದಾಗ ತಾನಾಗಿ ಗುರುತಿಸುವ ರಿಸಾಲ್ವ್ ಸೌಲಭ್ಯ ಹಿಂದೆ ಪ್ಲಸ್‌ಗೆ ಮೀಸಲಾಗಿತ್ತು, 2024ರ ಕೊನೆಯಲ್ಲಿ ಬಂದ 1.27.3ರಿಂದ ಅದು ಮುಕ್ತ ಆವೃತ್ತಿಯಲ್ಲೂ ಇದೆ. ಒಂದು ಚಿಕ್ಕ ತಾಣವನ್ನು ಹೆಚ್ಚು ಯೋಚಿಸದೆ ಎರಡೂ ವಿಳಾಸಗಳಲ್ಲಿ ನಿಲ್ಲಿಸಬೇಕೆನ್ನುವವರಿಗೆ ನಾನು ಕ್ಯಾಡಿಯನ್ನೇ ಹೇಳುತ್ತೇನೆ. ಹತ್ತಾರು ತಾಣಗಳನ್ನು ಒಂದೇ ಯಂತ್ರದಲ್ಲಿ ನಡೆಸುವವರಿಗೆ, ಯಾವ ಬಾಗಿಲು ಏಕೆ ತೆರೆದಿದೆ ಎಂಬುದು ಫೈಲಿನಲ್ಲೇ ಕಾಣಬೇಕೆನ್ನುವವರಿಗೆ ಎಂಜಿನ್‌ಎಕ್ಸ್ ಸರಿ. ಲಿಸನ್ ಸಾಲುಗಳನ್ನು ಒಂದೇ ಫೈಲಿನಿಂದ ಇನ್‌ಕ್ಲೂಡ್ ಮಾಡಿಕೊಳ್ಳುವ ಮತ್ತು ವೇಗಮಿತಿಯ ಕೀಲಿಯನ್ನು /64ಕ್ಕೆ ಕತ್ತರಿಸುವ ಕೆಲಸವನ್ನು ಮೊದಲ ದಿನವೇ ಮಾಡಿಕೊಳ್ಳಬೇಕು.